ದೈತ್ಯ ನಕ್ಷತ್ರದ ಸುತ್ತಲ ಉಂಗುರ: ಲ್ಯಾಪ್‌ಟಾಪಿನಲ್ಲೇ ಅವಕೆಂಪು ಚಿತ್ರ ಮಾಡಿ ಅಳೆಯುವ ಬಗೆ

ಕೇಳುವವರು ಬೇರೆ ಬೇರೆ, ಪ್ರಶ್ನೆ ಒಂದೇ. 2023ರಲ್ಲಿ ವೆಬ್ ಬಾಹ್ಯಾಕಾಶ ದೂರದರ್ಶಕ ತೆಗೆದ, ಡಬ್ಲ್ಯೂಆರ್ 124 ಎಂಬ ದೈತ್ಯ ನಕ್ಷತ್ರ ಮತ್ತು ಅದು ಎಸೆದ ದೂಳು–ಅನಿಲದ ಚಿತ್ರ ಹೊರಬಂದಾಗಿನಿಂದ ಕಲಬುರಗಿ, ಬೀದರ, ಯಾದಗಿರಿ ಕಡೆಯ ಬಿಎಸ್ಸಿ ಹುಡುಗರು, ಹೈಸ್ಕೂಲ್ ಮೇಷ್ಟ್ರುಗಳು ಕೇಳುತ್ತಲೇ ಇದ್ದಾರೆ: "ಇಂಥಾ ಚಿತ್ರ ನಮ್ಮ ಮಾಳಿಗಿ ಮ್ಯಾಲಿಂದ ತೆಗೀಲಿಕ್ಕೆ ಬರ್ತದೇನ್ರಿ?" ಸೇಡಂ, ವಾಡಿ ಕಡೆಯವರದು ಇನ್ನೊಂದು ಸೇರಿಕೆ: "ಸಿಮೆಂಟ್ ಫ್ಯಾಕ್ಟರಿಯೊಳಗ ಕಿಲ್ನ್ ಬಿಸಿ ನೋಡೋ ಥರ್ಮಲ್ ಕ್ಯಾಮೆರಾ ಇರ್ತದಲ್ಲ, ಅದನ್ನೇ ಟೆಲಿಸ್ಕೋಪಿಗೆ ಹಚ್ಚಿದ್ರ?"

ಬರುವುದಿಲ್ಲ. ಆದರೆ ಬೇಕಾದ ಕಚ್ಚಾ ಚಿತ್ರಗಳನ್ನು ಬಾಹ್ಯಾಕಾಶ ದೂರದರ್ಶಕಗಳು ಆಗಲೇ ತೆಗೆದಿಟ್ಟಿವೆ, ಅವು ಯಾರಿಗಾದರೂ ಪುಕ್ಕಟೆ ಸಿಗುತ್ತವೆ. ಅವನ್ನು ಇಳಿಸಿಕೊಂಡು ಉಂಗುರವನ್ನು ಹೊರತೆಗೆದು, ಅಳೆದು, ಅದಕ್ಕೆ ಎಷ್ಟು ವಯಸ್ಸು ಎಂದು ಹೇಳುವವರೆಗಿನ ಕೆಲಸ ಒಂದು ಸಾಧಾರಣ ಲ್ಯಾಪ್‌ಟಾಪಿನಲ್ಲಿ ಎರಡು ಸಂಜೆಯಲ್ಲಿ ಮುಗಿಯುತ್ತದೆ. ಬಣ್ಣದ ಚಿತ್ರ ಮಾಡಿ ಗೋಡೆಗೆ ಹಚ್ಚುವುದಷ್ಟೇ ನಿಮ್ಮ ಆಸೆಯಾದರೆ ಆರನೇ ಹಂತದವರೆಗೆ ಸಾಕು. ಆದರೆ ಅಳತೆಯ ಹಂತಗಳನ್ನು ಬಿಟ್ಟರೆ ರುಚಿ ಅರ್ಧ ಹೋದ ಹಾಗೆ.

ಮಾಳಿಗೆಯಿಂದ ಯಾಕೆ ಆಗದು

ಮೇ ತಿಂಗಳ ರಾತ್ರಿ ಒಂಬತ್ತಕ್ಕೆ ಶಹಾಬಾದ್ ಫರ್ಸಿ ಹಾಸಿದ ಮಾಳಿಗೆಯಲ್ಲಿ, ಅಂಗೈಯನ್ನು ಕಲ್ಲಿಗೆ ತಾಗಿಸದೆ ಒಂದು ಗೇಣು ಮೇಲೆ ಹಿಡಿಯಿರಿ. ಕತ್ತಲಲ್ಲೂ ಕೈಗೆ ಕಾವು ತಟ್ಟುತ್ತದೆ. ಕಣ್ಣಿಗೆ ಕಾಣದೆ ಕಲ್ಲು ಸೂಸುತ್ತಿರುವ ಬೆಳಕು ಅದು, ಅದೇ ಅವಕೆಂಪು. ಎಷ್ಟು ಬಿಸಿಯ ವಸ್ತು ಯಾವ ತರಂಗಾಂತರದಲ್ಲಿ ಹೆಚ್ಚು ಹೊಳೆಯುತ್ತದೆ ಎಂಬುದಕ್ಕೆ ವೀನ್ ನಿಯಮವಿದೆ: 2898ನ್ನು ಕೆಲ್ವಿನ್ ತಾಪದಿಂದ ಭಾಗಿಸಿದರೆ ಮೈಕ್ರಾನ್‌ನಲ್ಲಿ ಉತ್ತರ ಬರುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. 40 ಡಿಗ್ರಿ ಸೆಲ್ಸಿಯಸ್ ಎಂದರೆ 313 ಕೆಲ್ವಿನ್. ಆ ಫರ್ಸಿ 9.3 ಮೈಕ್ರಾನ್‌ನಲ್ಲಿ ಅತಿ ಹೆಚ್ಚು ಹೊಳೆಯುತ್ತದೆ. ನಾವು ಹುಡುಕುವ ಉಂಗುರದ ದೂಳು ಸುಮಾರು 120 ಕೆಲ್ವಿನ್ ಎಂದಿಟ್ಟುಕೊಂಡರೆ 24 ಮೈಕ್ರಾನ್.

ಅಂದರೆ ನಿಮ್ಮ ದೂರದರ್ಶಕದ ಕೊಳವೆ, ಕನ್ನಡಿ, ಮೇಲಿನ ಗಾಳಿ ಎಲ್ಲವೂ ಆ ದೂಳಿಗಿಂತ ಎಷ್ಟೋ ಪಟ್ಟು ಜೋರಾಗಿ ಉರಿಯುತ್ತಿರುತ್ತವೆ. ಅದರ ಜೊತೆಗೆ ಗಾಳಿಯ ನೀರಾವಿ 20 ಮೈಕ್ರಾನ್ ಆಚೀಚಿನ ಬೆಳಕನ್ನು ಬಹುಪಾಲು ನುಂಗಿಬಿಡುತ್ತದೆ. ಕಾರ್ಖಾನೆಯ ಥರ್ಮಲ್ ಕ್ಯಾಮೆರಾ ನೋಡುವುದು 8ರಿಂದ 14 ಮೈಕ್ರಾನ್. ನೂರಾರು ಡಿಗ್ರಿ ಕಾದ ಕಿಲ್ನ್ ಗೋಡೆಗೆ ಅದು ಹೇಳಿ ಮಾಡಿಸಿದ್ದು, ನಕ್ಷತ್ರಕ್ಕಲ್ಲ. ಇದೇ ಕಾರಣಕ್ಕೆ ಬಾಹ್ಯಾಕಾಶದ ಸ್ಪಿಟ್ಜರ್ ದೂರದರ್ಶಕವನ್ನು ದ್ರವ ಹೀಲಿಯಂನಿಂದ, ವೈಸ್ ದೂರದರ್ಶಕವನ್ನು ಘನ ಹೈಡ್ರೋಜನ್‌ನಿಂದ ತಣ್ಣಗಿಟ್ಟಿದ್ದರು. ವೆಬ್‌ನ ಮಿರಿ ಉಪಕರಣ 7 ಕೆಲ್ವಿನ್‌ಗಿಂತ ತಣ್ಣಗಿರುತ್ತದೆ. ಡಿಎಸ್‌ಎಲ್‌ಆರ್ ಕ್ಯಾಮೆರಾದ ಅವಕೆಂಪು ತಡೆ ಫಿಲ್ಟರ್ ಕೀಳಿಸಿದರೂ ನಿಮಗೆ ಸಿಗುವುದು ಸುಮಾರು 1 ಮೈಕ್ರಾನ್‌ವರೆಗೆ ಮಾತ್ರ. ಈ ಉಂಗುರಕ್ಕಾಗಿ ಆ ಖರ್ಚು ಮಾಡಬೇಡಿ.

ಈ ಉಂಗುರ ಏನು

ಸೂರ್ಯನಿಗಿಂತ ಇಪ್ಪತ್ತು, ಮೂವತ್ತು ಪಟ್ಟು ಅಥವಾ ಇನ್ನೂ ಹೆಚ್ಚು ದ್ರವ್ಯರಾಶಿಯ ನಕ್ಷತ್ರಗಳು ಮುಪ್ಪಿನಲ್ಲಿ ಮೈಯ ಹೊರಪದರವನ್ನು ಕಳಚಿ ಎಸೆಯುತ್ತವೆ. ಎಸೆಯುವ ಹಂತದಲ್ಲಿರುವ ಒಂದು ಬಗೆಗೆ ಎಲ್‌ಬಿವಿ ಎಂದು ಹೆಸರು: ಲಕ್ಷಾಂತರ ಸೂರ್ಯರ ಪ್ರಕಾಶದ, ನೀಲಿ ಬಣ್ಣದ, ಬೆಳಕು ಏರಿಳಿಯುವ ತಾರೆ. 1600ರಲ್ಲಿ ಇದ್ದಕ್ಕಿದ್ದಂತೆ ಬೆಳಗಿದ ಪಿ ಸಿಗ್ನಿ, 1843ರಲ್ಲಿ ಆಕಾಶದ ಎರಡನೇ ಪ್ರಕಾಶಮಾನ ನಕ್ಷತ್ರವಾಗಿದ್ದ ಈಟಾ ಕ್ಯಾರಿನೇ ಇದೇ ಕುಲದವು. ಹೊರಪದರ ಬಹುಪಾಲು ಕಳೆದುಕೊಂಡು ಬಿಸಿ ಒಡಲು ಹೊರಬಿದ್ದ ನಕ್ಷತ್ರ ವುಲ್ಫ್–ರಾಯೆ. ಹೆಸರಿನಲ್ಲಿ ಡಬ್ಲ್ಯೂಆರ್ ಎಂದು ಬರುತ್ತದೆ. ಎಸೆದ ಅನಿಲದಲ್ಲಿ ದೂಳು ಕಟ್ಟುತ್ತದೆ, ಆ ದೂಳು ನಕ್ಷತ್ರದ ಬೆಳಕನ್ನು ಹೀರಿ ಬೆಚ್ಚಗಾಗಿ ಅವಕೆಂಪಿನಲ್ಲಿ ಹೊಳೆಯುತ್ತದೆ. ಹಾಗಾಗಿ ನೀವು ಮಾಡುವ ಚಿತ್ರದಲ್ಲಿ ಕಾಣುವುದು ಬಹುಮಟ್ಟಿಗೆ ದೂಳು, ಅನಿಲ ಅದರ ಜೊತೆಗಿರುತ್ತದೆ. "ಅನಿಲದ ಕವಚ" ಎಂದು ಅಡಿಬರಹ ಹಾಕುವಾಗ ಇದು ನೆನಪಿರಲಿ.

ಬೇಕಾದದ್ದು

4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಸಾಕು; 8 ಇದ್ದರೆ ನಿರಾಳ. ಡಿಎಸ್9 ಎಂಬ ಉಚಿತ ತಂತ್ರಾಂಶ ಬೇಕು, ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ. ಲೆಕ್ಕಕ್ಕೆ ಎಕ್ಸೆಲ್ ಅಥವಾ ಲಿಬ್ರೆ ಆಫೀಸಿನ ಒಂದು ಹಾಳೆ. ಇಂಟರ್ನೆಟ್ ಮೊಬೈಲ್ ಹಾಟ್‌ಸ್ಪಾಟಿನದ್ದೇ ಆಗುತ್ತದೆ, ಯಾಕೆ ಎಂಬುದು ಎರಡನೇ ಹಂತದಲ್ಲಿದೆ. ಪೈಥಾನ್ ಬರುವವರಿಗೆ ಆಸ್ಟ್ರೋಪೈ ಇದೆ, ಆದರೆ ಮೊದಲ ಸಲ ಡಿಎಸ್9ನಲ್ಲಿ ಕೈಯಾರೆ ಮಾಡಿ. ಚಿತ್ರವನ್ನು ಕಣ್ಣಿಟ್ಟು ನೋಡದೆ ನೇರ ಕೋಡ್ ಬರೆದವರೇ ಹೆಚ್ಚು ಎಡವುವುದು.

ಹಂತ 1: ನಕ್ಷತ್ರ ಆರಿಸಿ

ಹೆಸರು ಕೇಳಿದ್ದೇವೆಂದು ಈಟಾ ಕ್ಯಾರಿನೇಯಿಂದ ಶುರು ಮಾಡಬೇಡಿ. ಸೌರಮಂಡಲದ ಹೊರಗೆ 20 ಮೈಕ್ರಾನ್ ಆಸುಪಾಸಿನಲ್ಲಿ ಅದರಷ್ಟು ಹೊಳೆಯುವುದು ಬೇರೊಂದಿಲ್ಲ. ವೈಸ್ ಚಿತ್ರದಲ್ಲಿ ಅದು ಬರೀ ಉಕ್ಕಿ ಹರಿದ ಬಿಳಿ ಕಲೆ. ಪತ್ತೆಕಾರಕ ತುಂಬಿ ತುಳುಕಿ ಅಳತೆ ಕೆಡುವುದಕ್ಕೆ ಸ್ಯಾಚುರೇಷನ್ ಎನ್ನುತ್ತಾರೆ.

ಮೊದಲ ಅಭ್ಯಾಸಕ್ಕೆ ಜಿ79.29+0.46 ಹೇಳಿ ಮಾಡಿಸಿದ್ದು. ಹೆಸರೇ ವಿಳಾಸ: ಆಕಾಶಗಂಗೆಯ ರೇಖಾಂಶ 79.29 ಡಿಗ್ರಿ, ಅಕ್ಷಾಂಶ 0.46 ಡಿಗ್ರಿ. ರಾಜಹಂಸ ನಕ್ಷತ್ರಪುಂಜದಲ್ಲಿ, ವಿಷುವದಂಶ (ಭೂಮಿಯ ರೇಖಾಂಶದಂಥ ಆಕಾಶದ ಅಳತೆ) 20 ಗಂಟೆ 31 ನಿಮಿಷ 42 ಸೆಕೆಂಡ್, ಘಂಟಾವೃತ್ತಾಂಶ (ಅಕ್ಷಾಂಶದಂಥದ್ದು) ಉತ್ತರ 40 ಡಿಗ್ರಿ 22 ನಿಮಿಷ. ಇದು ಎಲ್‌ಬಿವಿ ಎಂದು ಅನುಮಾನವಿರುವ ನಕ್ಷತ್ರ. ಉಂಗುರದ ಅಡ್ಡಳತೆ ಸುಮಾರು 3.2 ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತನೇ ಪಾಲು ಆರ್ಕ್‌ಮಿನಿಟ್, ಅದರ ಅರವತ್ತನೇ ಪಾಲು ಆರ್ಕ್‌ಸೆಕೆಂಡ್), ಅಂದರೆ ಹುಣ್ಣಿಮೆ ಚಂದ್ರನ ಹತ್ತನೇ ಒಂದು ಪಾಲು. ಮಸುಕು ಚಿತ್ರದಲ್ಲೂ ಉಂಗುರ ಉಂಗುರವಾಗಿಯೇ ಕಾಣುವಷ್ಟು ದೊಡ್ಡದು.

ಎರಡನೆಯದು ಡಬ್ಲ್ಯೂಆರ್ 124, ಶರ ಎಂಬ ಪುಟ್ಟ ಪುಂಜದಲ್ಲಿದೆ. ಇದಕ್ಕೂ ನಮ್ಮ ಕಡೆಗೂ ಒಂದು ನಂಟು. ಅದರ ಘಂಟಾವೃತ್ತಾಂಶ ಉತ್ತರ 16.9 ಡಿಗ್ರಿ, ಯಾದಗಿರಿಯ ಅಕ್ಷಾಂಶ ಹೆಚ್ಚುಕಡಿಮೆ 16.8. ಸೆಪ್ಟೆಂಬರ್ ಕೊನೆಗೆ ಸಂಜೆ ಏಳೂಕಾಲರ ಸುಮಾರಿಗೆ ಆ ನಕ್ಷತ್ರ ಯಾದಗಿರಿಯವರ ನೆತ್ತಿಯಿಂದ ಕಾಲು ಡಿಗ್ರಿಯೂ ಸರಿಯದೆ ದಾಟುತ್ತದೆ. ಕಲಬುರಗಿಯಲ್ಲಿ ಅರ್ಧ ಡಿಗ್ರಿಯೊಳಗೆ, ಬೀದರಿನಲ್ಲಿ ಒಂದು ಡಿಗ್ರಿ ದಕ್ಷಿಣಕ್ಕೆ. ಕಾಂತಿಮಾನ (ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು) 11ರ ಮೇಲಿರುವುದರಿಂದ ಬರಿಗಣ್ಣಿಗೆ ಕಾಣುವ ಮಾತಿಲ್ಲ. ಆದರೂ ವೆಬ್ ಚಿತ್ರದ ನಕ್ಷತ್ರ ಎಲ್ಲಿದೆ ಎಂದು ಮಕ್ಕಳು ಕೇಳಿದರೆ ತಲೆಯೆತ್ತಿ ಬೆರಳು ತೋರಿಸಬಹುದು.

ಹಂತ 2: ಕಡತ ಇಳಿಸಿಕೊಳ್ಳಿ

ಅಮೆರಿಕದ ಕ್ಯಾಲ್‌ಟೆಕ್‌ನ ಇರ್ಸಾ ಎಂಬ ಅವಕೆಂಪು ಭಂಡಾರಕ್ಕೆ ಹೋಗಿ, ವೈಸ್ ಚಿತ್ರಗಳ ವಿಭಾಗದಲ್ಲಿ ಆಲ್‌ವೈಸ್ ಅಟ್ಲಾಸ್ (ಇಡೀ ಆಕಾಶವನ್ನು ಹಾಳೆ ಹಾಳೆಯಾಗಿ ಹಂಚಿದ ಚಿತ್ರಸಂಗ್ರಹ) ಆರಿಸಿ. ಹೆಸರು ಅಥವಾ ನಿರ್ದೇಶಾಂಕ ಹಾಕಿ, ಕತ್ತರಿಕೆಯ ಅಳತೆ 15 ಆರ್ಕ್‌ಮಿನಿಟ್ ಕೊಡಿ. ನಾಲ್ಕು ತರಂಗಾಂತರ ಪಟ್ಟಿಗಳ ಚಿತ್ರವೂ ಬೇಕು: ಡಬ್ಲ್ಯೂ1 ಎಂದರೆ 3.4 ಮೈಕ್ರಾನ್, ಡಬ್ಲ್ಯೂ2 4.6, ಡಬ್ಲ್ಯೂ3 12, ಡಬ್ಲ್ಯೂ4 22.

ಒಂದು ಪಿಕ್ಸೆಲ್ 1.375 ಆರ್ಕ್‌ಸೆಕೆಂಡ್ ಇರುವುದರಿಂದ 15 ಆರ್ಕ್‌ಮಿನಿಟ್ ಚೌಕಕ್ಕೆ 655 × 655 ಪಿಕ್ಸೆಲ್, ತಲಾ ನಾಲ್ಕು ಬೈಟ್. ಒಂದು ಕಡತ 1.7 ಎಂಬಿ. ನಾಲ್ಕೂ ಸೇರಿ ಒಂದು ವಾಟ್ಸಾಪ್ ವಿಡಿಯೊದಷ್ಟು. ಕತ್ತರಿಸದೆ ಇಡೀ ಹಾಳೆ ಇಳಿಸಿದರೆ 4095 × 4095, ಒಂದೊಂದಕ್ಕೆ 67 ಎಂಬಿ, ಅದರ ಜರೂರತ್ತಿಲ್ಲ.

ಇಲ್ಲಿ ಎಡವುವ ಜಾಗ ಮೂರು. ಜೆಪೆಗ್ ಇಳಿಸಬೇಡಿ, ಫಿಟ್ಸ್ ಕಡತವೇ ಆಗಬೇಕು. ಫಿಟ್ಸ್ ಎಂದರೆ ಪ್ರತಿ ಪಿಕ್ಸೆಲಿನ ಅಸಲಿ ಸಂಖ್ಯೆ ಮತ್ತು ಅದು ಆಕಾಶದಲ್ಲಿ ಎಲ್ಲಿದೆ ಎಂಬ ಲೆಕ್ಕ ಎರಡನ್ನೂ ಹೊತ್ತ ಕಡತ. ಜೆಪೆಗ್ ಎರಡನ್ನೂ ಚೆಲ್ಲಿಬಿಟ್ಟಿರುತ್ತದೆ. ಎರಡನೆಯದು, ಒಂದೇ ಜಾಗ ಎರಡು ಮೂರು ಹಾಳೆಗಳಲ್ಲಿ ಬಂದಿರಬಹುದು. ನಾಲ್ಕೂ ಪಟ್ಟಿಗೆ ಒಂದೇ ಹಾಳೆ ಸಂಖ್ಯೆಯ ಕಡತ ಆರಿಸಿ. ಮೂರನೆಯದು, ಹೆಸರಿನಲ್ಲಿ "ಇಂಟ್" ಇರುವುದು ಬೆಳಕಿನ ತೀವ್ರತೆ, "ಅನ್ಕ್" ಇರುವುದು ಅನಿಶ್ಚಿತತೆ, "ಕವ್" ಇರುವುದು ಎಷ್ಟು ಸಲ ನೋಡಲಾಗಿದೆ ಎಂಬ ಎಣಿಕೆ. "ಕವ್" ಕಡತ ತೆರೆದು ಉಂಗುರವೇ ಇಲ್ಲ ಎಂದು ಕೈಚೆಲ್ಲಿದವರು ಕಮ್ಮಿಯಿಲ್ಲ.

ಹಂತ 3: ಒಂದೊಂದನ್ನೇ ತೆರೆದು ನೋಡಿ

ಡಿಎಸ್9ನಲ್ಲಿ ಡಬ್ಲ್ಯೂ4 ತೆರೆದರೆ ಮೊದಲಿಗೆ ಹೆಚ್ಚುಕಡಿಮೆ ಕಪ್ಪು ಪರದೆ. ಕಡತ ಕೆಟ್ಟಿಲ್ಲ. ಸ್ಕೇಲ್ ಮೆನುವಿನಲ್ಲಿ ಲೀನಿಯರ್ ಬದಲು ಲಾಗ್ ಅಥವಾ ಎಸಿನ್ಹ್ (asinh) ಒತ್ತಿ, ಸ್ಕೇಲ್ ಪ್ಯಾರಾಮೀಟರ್ಸ್‌ನಲ್ಲಿ ಕೆಳಮಿತಿಯನ್ನು ಹಿನ್ನೆಲೆಯ ಮಟ್ಟಕ್ಕಿಂತ ತುಸು ಕೆಳಗೆ, ಮೇಲ್ಮಿತಿಯನ್ನು ಉಂಗುರದ ಹೊಳಪಿಗಿಂತ ತುಸು ಮೇಲೆ ಎಳೆಯಿರಿ. ಬೂದು ಮಂಜಿನೊಳಗಿಂದ ಉಂಗುರ ಮೆಲ್ಲಗೆ ಎದ್ದು ಬರುತ್ತದೆ.

ಈಗ ಡಬ್ಲ್ಯೂ1 ತೆರೆಯಿರಿ. ಉಂಗುರ ಮಾಯ, ಬರೀ ನಕ್ಷತ್ರಗಳು, ಸರಿಯಾಗಿ ನಡುವೆ ಒಂದು ಪ್ರಕಾಶಮಾನ ಚುಕ್ಕಿ. ಅದೇ ಉಂಗುರ ಎಸೆದವನು. ಡಬ್ಲ್ಯೂ3ರಲ್ಲಿ ಉಂಗುರ ಮಂಕಾಗಿ, ಸುತ್ತಲ ಮೋಡದ ಎಳೆಗಳಲ್ಲಿ ಕಲೆತುಹೋಗುತ್ತದೆ. ಈ ವ್ಯತ್ಯಾಸ ತಾಪದ್ದು. 3.4 ಮೈಕ್ರಾನ್‌ನಲ್ಲಿ ಹೊಳೆಯಲು ಸುಮಾರು 850 ಕೆಲ್ವಿನ್ ಬಿಸಿ ಬೇಕು, ಉಂಗುರದ ದೂಳಿಗೆ ಅಷ್ಟು ಬಿಸಿ ಎಲ್ಲಿಂದ ಬಂದೀತು? ಈ "22 ಮೈಕ್ರಾನ್‌ನಲ್ಲಿ ಇದೆ, 3 ಮೈಕ್ರಾನ್‌ನಲ್ಲಿ ಇಲ್ಲ" ಎಂಬ ಗುರುತನ್ನು ಹಿಡಿದೇ ಸ್ಪಿಟ್ಜರ್‌ನ 24 ಮೈಕ್ರಾನ್ ಸಮೀಕ್ಷೆಯಿಂದ ಖಗೋಳಜ್ಞರು ಹೊಸ ಉಂಗುರಗಳನ್ನು ಹೆಕ್ಕಿದ್ದು. 2010ರಲ್ಲಿ ಬಂದ ಒಂದು ಪಟ್ಟಿಯಲ್ಲೇ 416 ಉಂಗುರ, ಬಿಲ್ಲೆಗಳಿದ್ದವು.

ಇನ್ನೊಂದು ಮಾತು: ಆಕಾಶದ ಚಿತ್ರದಲ್ಲಿ ಉತ್ತರ ಮೇಲೆ, ಪೂರ್ವ ಎಡಕ್ಕೆ. ಜಿಲ್ಲಾ ನಕಾಶೆ ನೋಡಿ ರೂಢಿಯಾದ ಕಣ್ಣು ಇಲ್ಲಿ ತಪ್ಪುತ್ತದೆ.

ಹಂತ 4: ಹಿನ್ನೆಲೆ ಕಳೆಯಿರಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಬೇಡುವುದು ಇದು. ಹೆಚ್ಚು ಮಂದಿ ಹಾರಿಸುವುದೂ ಇದನ್ನೇ.

ಉಂಗುರದ ಪಿಕ್ಸೆಲಿನ ಸಂಖ್ಯೆಯಲ್ಲಿ ಉಂಗುರದ ಬೆಳಕಷ್ಟೇ ಇಲ್ಲ. ನಮಗೂ ಅದಕ್ಕೂ ನಡುವಿನ ದೂಳು, ಅದರ ಹಿಂದಿನ ದೂಳು, ಸೌರಮಂಡಲದ ಗ್ರಹನಡುವಿನ ದೂಳಿನ ಕಾವು ಎಲ್ಲ ಸೇರಿದೆ. ಮೇಲಾಗಿ ವೈಸ್ ಚಿತ್ರಗಳಲ್ಲಿ ಆಕಾಶದ ಒಟ್ಟು ಮಟ್ಟವನ್ನು ನಂಬುವ ಹಾಗಿಲ್ಲ. ನಂಬಬೇಕಾದದ್ದು ವ್ಯತ್ಯಾಸವನ್ನು ಮಾತ್ರ. ತಕ್ಕಡಿಯಲ್ಲಿ ಚೀಲದ ತೂಕ ಕಳೆದು ತೊಗರಿ ತೂಗಿದ ಹಾಗೆ. ಚೀಲ ಎಷ್ಟೆಂದು ಗೊತ್ತಿಲ್ಲದಿದ್ದರೆ ತೂಕಕ್ಕೆ ಅರ್ಥವಿಲ್ಲ.

ರೀಜನ್ ಮೆನುವಿನಿಂದ ಸರ್ಕಲ್ ಆರಿಸಿ, ಉಂಗುರದ ಹೊರಗೆ 25 ಆರ್ಕ್‌ಸೆಕೆಂಡ್ ತ್ರಿಜ್ಯದ ಆರು ವೃತ್ತ ಇಡಿ. ಪ್ರತಿ ವೃತ್ತದ ಮೇಲೆ ಎರಡು ಸಲ ಕ್ಲಿಕ್ಕಿಸಿ, ತೆರೆದ ಕಿಟಕಿಯ ಅನಾಲಿಸಿಸ್‌ನಲ್ಲಿ ಸ್ಟ್ಯಾಟಿಸ್ಟಿಕ್ಸ್ ಒತ್ತಿದರೆ ಮೊತ್ತ, ಸರಾಸರಿ, ಮೀಡಿಯನ್ ಬರುತ್ತವೆ. ಮೀಡಿಯನ್ ಅಂದರೆ ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬೀಳುವ ಸಂಖ್ಯೆ. ಅದನ್ನೇ ಬರೆದುಕೊಳ್ಳಿ, ಸರಾಸರಿಯನ್ನಲ್ಲ. ವೃತ್ತದೊಳಗೆ ಒಂದು ನಕ್ಷತ್ರ ನುಸುಳಿದ್ದರೂ ಸರಾಸರಿ ಜಿಗಿಯುತ್ತದೆ, ಮೀಡಿಯನ್ ಅಲುಗುವುದಿಲ್ಲ.

ಆರರಲ್ಲಿ ಒಂದೆರಡು ಉಳಿದವಕ್ಕಿಂತ ಬಹಳ ಮೇಲಿದ್ದರೆ ಗಾಬರಿ ಬೇಡ. ಈ ಉಂಗುರದ ಹತ್ತಿರದಲ್ಲೇ ಡಿಆರ್15 ಎಂಬ ನಕ್ಷತ್ರ ಹುಟ್ಟುವ ತಾಣವಿದೆ, ಅದರ ಹೊಳಪು ಈ ಕಡೆಗೂ ಚೆಲ್ಲಿರುತ್ತದೆ. ಪಕ್ಕದಲ್ಲೇ ಅವಕೆಂಪಿನಲ್ಲೂ ಕಪ್ಪಾಗಿ ಕಾಣುವ ದಟ್ಟ ಮೋಡವೂ ಇದೆ. ಅಲ್ಲಿಟ್ಟ ವೃತ್ತ ತೀರಾ ಕಮ್ಮಿ ತೋರಿಸುತ್ತದೆ. ಇವೆರಡನ್ನೂ ಬಿಟ್ಟು ಉಳಿದವುಗಳ ಮೀಡಿಯನ್ ತೆಗೆದುಕೊಳ್ಳಿ. ಪುಸ್ತಕದಲ್ಲಿ ಹೇಳುವ ಹಾಗೆ ಉಂಗುರದ ಸುತ್ತ ಒಂದೇ ಬಳೆ ಎಳೆದು ಹಿನ್ನೆಲೆ ಅಂದರೆ ಇವೆರಡೂ ಒಳಗೆ ಬಂದು ಲೆಕ್ಕ ಹಾಳಾಗುತ್ತದೆ. ಉಳಿದ ವೃತ್ತಗಳ ನಡುವಿನ ಏರುಪೇರೇ ನಿಮ್ಮ ಹಿನ್ನೆಲೆಯ ದೋಷ, ಅದನ್ನೂ ಪಕ್ಕದಲ್ಲಿ ಬರೆದಿಡಿ.

ಹಂತ 5: ಮಸುಕನ್ನು ಸರಿಸಮ ಮಾಡಿ

ಡಬ್ಲ್ಯೂ3 ಚಿತ್ರ ಡಬ್ಲ್ಯೂ4ಕ್ಕಿಂತ ಚೂಪು. ಹಾಗೇ ಬಣ್ಣ ಸೇರಿಸಿದರೆ ಪ್ರತಿ ನಕ್ಷತ್ರದ ಸುತ್ತ ಸುಳ್ಳು ಕೆಂಪು ಅಂಚು ಬರುತ್ತದೆ, ಅದನ್ನೇ ಹೊಸ ಕವಚ ಎಂದು ಖುಷಿಪಡುವವರಿದ್ದಾರೆ. ಚೂಪಾದದ್ದನ್ನು ಮಸುಕಿನ ಮಟ್ಟಕ್ಕೆ ಇಳಿಸಬೇಕು.

ವೈಸ್ ದೂರದರ್ಶಕದ ಸ್ವಂತ ಚೂಪು 12 ಮೈಕ್ರಾನ್‌ನಲ್ಲಿ 6.5 ಆರ್ಕ್‌ಸೆಕೆಂಡ್, 22ರಲ್ಲಿ 12 ಆರ್ಕ್‌ಸೆಕೆಂಡ್. ಈ ಅಂಕಿ ಎಲ್ಲೆಡೆ ಸಿಗುತ್ತದೆ, ಎಲ್ಲರೂ ಅದನ್ನೇ ಹಾಕುತ್ತಾರೆ. ತಪ್ಪು ಅಲ್ಲೇ. ಅಟ್ಲಾಸ್ ಚಿತ್ರಗಳನ್ನು ಮಂಕು ನಕ್ಷತ್ರ ಪತ್ತೆಗೆ ಅನುಕೂಲವಾಗಲೆಂದು ಬೇಕೆಂದೇ ಇನ್ನಷ್ಟು ಮಸುಕು ಮಾಡಿರುತ್ತಾರೆ. ಆದ್ದರಿಂದ ನಿಮ್ಮ ಕಡತದಲ್ಲೇ ಅಳೆಯಿರಿ: ಒಂಟಿಯಾಗಿರುವ ನಕ್ಷತ್ರದ ಮೇಲೆ ಪ್ರೊಜೆಕ್ಷನ್ ಗೆರೆ ಎಳೆದರೆ ಗುಡ್ಡದಂಥ ರೇಖಾಚಿತ್ರ ಬರುತ್ತದೆ. ಹಿನ್ನೆಲೆ ಬಿಟ್ಟು ಗುಡ್ಡದ ಅರ್ಧ ಎತ್ತರದಲ್ಲಿ ಅಗಲ ಎಷ್ಟಿದೆಯೋ ಅದೇ ಮಸುಕಿನ ಅಳತೆ. ಮೂರು ನಕ್ಷತ್ರಕ್ಕೆ ಮಾಡಿ ನಡುವಿನದನ್ನು ಹಿಡಿಯಿರಿ.

ಡಬ್ಲ್ಯೂ3ಕ್ಕೆ 8.5, ಡಬ್ಲ್ಯೂ4ಕ್ಕೆ 16.5 ಆರ್ಕ್‌ಸೆಕೆಂಡ್ ಬಂತೆನ್ನಿ. 16.5ರ ವರ್ಗ 272.25, 8.5ರ ವರ್ಗ 72.25, ಕಳೆದರೆ 200, ವರ್ಗಮೂಲ 14.1. ಇದನ್ನು 2.355ರಿಂದ ಭಾಗಿಸಿದರೆ ಸಿಗ್ಮಾ (ಮಸುಕಿನ ಹರವಿನ ಅಳತೆ) 6.0 ಆರ್ಕ್‌ಸೆಕೆಂಡ್, ಮತ್ತೆ 1.375ರಿಂದ ಭಾಗಿಸಿದರೆ 4.4 ಪಿಕ್ಸೆಲ್. ಡಿಎಸ್9ನ ಅನಾಲಿಸಿಸ್, ಸ್ಮೂತ್ ಪ್ಯಾರಾಮೀಟರ್ಸ್‌ನಲ್ಲಿ ಗಾಸಿಯನ್ (ಗಂಟೆಯಾಕಾರದ ಮಸುಕು) ಆರಿಸಿ ಸಿಗ್ಮಾ 4.4, ರೇಡಿಯಸ್ 13 ಕೊಡಿ. ರೇಡಿಯಸನ್ನು ಸಿಗ್ಮಾದ ಮೂರು ಪಟ್ಟು ಇಡದೆ ಮೊದಲಿದ್ದ 3ಕ್ಕೇ ಬಿಟ್ಟರೆ ಗಾಸಿಯನ್ನಿನ ಅಂಚು ಕತ್ತರಿಸಿಹೋಗಿ ಮಸುಕು ಅರೆಬರೆಯಾಗುತ್ತದೆ. ಸ್ಮೂತ್ ಮಾಡಿದ್ದನ್ನು ಬೇರೆ ಹೆಸರಲ್ಲಿ ಉಳಿಸಿ, ಮೂಲದ ಮೇಲೆ ಬರೆಯಬೇಡಿ.

ಹಂತ 6: ಮೂರು ಬಣ್ಣ

ಫ್ರೇಮ್ ಮೆನುವಿನಲ್ಲಿ ನ್ಯೂ ಫ್ರೇಮ್ ಆರ್‌ಜಿಬಿ. ಕೆಂಪಿಗೆ ಡಬ್ಲ್ಯೂ4, ಹಸಿರಿಗೆ ಡಬ್ಲ್ಯೂ3, ನೀಲಿಗೆ ಡಬ್ಲ್ಯೂ2. ಉದ್ದ ಅಲೆಗೆ ಕೆಂಪು, ಗಿಡ್ಡ ಅಲೆಗೆ ನೀಲಿ ಎಂಬ ಕ್ರಮ ತಪ್ಪಿಸಬೇಡಿ. ಉಂಗುರ ಕೆಂಪಾಗಿ, ಮೋಡ ಹಸಿರಾಗಿ, ನಕ್ಷತ್ರಗಳು ನೀಲಿಯಾಗಿ ಬರಬೇಕು. ಉಂಗುರ ಹಳದಿಗೆ ತಿರುಗಿದ್ದರೆ ಹಸಿರನ್ನು ಹೆಚ್ಚು ಎಳೆದಿದ್ದೀರಿ. ಇವು ಕಣ್ಣಿಗೆ ಕಾಣುವ ಬಣ್ಣಗಳಲ್ಲ, ಅಡಿಬರಹದಲ್ಲಿ ಯಾವ ಬಣ್ಣಕ್ಕೆ ಯಾವ ಮೈಕ್ರಾನ್ ಎಂದು ಬರೆಯಿರಿ.

ಹಂತ 7: ತ್ರಿಜ್ಯ ಅಳೆಯಿರಿ

ಮತ್ತೆ ಡಬ್ಲ್ಯೂ4 ಒಂದನ್ನೇ ತೆರೆಯಿರಿ, ಬಣ್ಣದ ಚಿತ್ರದಲ್ಲಿ ಅಳೆಯಬಾರದು. ನಡುವಿನ ನಕ್ಷತ್ರದ ಮೂಲಕ ಹಾಯುವಂತೆ ಪ್ರೊಜೆಕ್ಷನ್ ಗೆರೆ ಎಳೆದು ದಪ್ಪ 5 ಪಿಕ್ಸೆಲ್ ಮಾಡಿ. ಎರಡು ಗುಡ್ಡ, ನಡುವೆ ತಗ್ಗು ಇರುವ ರೇಖಾಚಿತ್ರ ಬರುತ್ತದೆ. ತಗ್ಗಿನ ನಡುವಿನ ಚಿಕ್ಕ ಮೊನೆ ನಕ್ಷತ್ರದ್ದು. ಎರಡು ಗುಡ್ಡದ ಹೊರ ಇಳಿಜಾರಿನಲ್ಲಿ ಅರ್ಧ ಎತ್ತರದ ಜಾಗಗಳ ನಡುವಿನ ದೂರವೇ ಹೊರ ಅಡ್ಡಳತೆ. ಅರ್ಧ ಮಾಡಿದರೆ ತ್ರಿಜ್ಯ. ಗೆರೆಯನ್ನು 0, 45, 90, 135 ಡಿಗ್ರಿಗೆ ತಿರುಗಿಸಿ ನಾಲ್ಕು ಸಲ ಮಾಡಿ. ನಾಲ್ಕರಲ್ಲಿ ವ್ಯತ್ಯಾಸ ಕಂಡರೆ ಉಂಗುರ ಪೂರಾ ದುಂಡಗಿಲ್ಲ ಎಂದರ್ಥ, ಅದೂ ಒಂದು ಫಲಿತಾಂಶವೇ.

ಗುಡ್ಡದ ನೆತ್ತಿಯನ್ನು ಹಿಡಿದು ಅಳೆದರೆ ತ್ರಿಜ್ಯ ಚಿಕ್ಕದು ಬರುತ್ತದೆ. ಅದೂ ಸರಿಯೇ, ಆದರೆ ಯಾವುದನ್ನು ಅಳೆದಿರಿ ಎಂದು ಹೇಳದೆ ಇನ್ನೊಬ್ಬರ ಅಂಕಿಯೊಡನೆ ಹೋಲಿಸಬೇಡಿ.

ಹಂತ 8: ಅಸಲಿ ಗಾತ್ರ, ವಯಸ್ಸು

ಸೂತ್ರ ಒಂದೇ ಸಾಲು: ಪಾರ್ಸೆಕ್‌ನಲ್ಲಿ ದೂರವನ್ನು ಆರ್ಕ್‌ಸೆಕೆಂಡ್ ತ್ರಿಜ್ಯದಿಂದ ಗುಣಿಸಿ 206265ರಿಂದ ಭಾಗಿಸಿ. ಒಂದು ಪಾರ್ಸೆಕ್ 3.26 ಜ್ಯೋತಿರ್ವರ್ಷ. ತ್ರಿಜ್ಯ 96 ಆರ್ಕ್‌ಸೆಕೆಂಡ್, ದೂರ 1700 ಪಾರ್ಸೆಕ್ ಎಂದು ಹಿಡಿದರೆ 0.79 ಪಾರ್ಸೆಕ್, ಅಂದರೆ ಎರಡೂವರೆ ಜ್ಯೋತಿರ್ವರ್ಷ. ಸೂರ್ಯನಿಂದ ಅತಿ ಹತ್ತಿರದ ನಕ್ಷತ್ರದ ಕಡೆಗೆ ಅರ್ಧ ದಾರಿಗಿಂತ ಹೆಚ್ಚು ಹಬ್ಬಿದ ಉಂಗುರ.

ವಯಸ್ಸಿಗೆ ಹಿಗ್ಗುವ ವೇಗ ಬೇಕು. ಅದು ಚಿತ್ರದಲ್ಲಿ ಸಿಗದು, ವರ್ಣಪಟಲದಿಂದ ಬರುತ್ತದೆ. ಈ ಉಂಗುರಕ್ಕೆ ಪ್ರಕಟಿತ ಮೌಲ್ಯ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್. ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗದಲ್ಲಿ ಒಂದು ಪಾರ್ಸೆಕ್ ಹೋಗಲು 9,78,000 ವರ್ಷ. ಹಾಗಾಗಿ 0.79 × 9,78,000 ÷ 30, ಹತ್ತಿರ ಹತ್ತಿರ 26,000 ವರ್ಷ.

ಈ ಸಂಖ್ಯೆ ಕಲ್ಲಿನ ಮೇಲಿನ ಗೆರೆಯಲ್ಲ. ದೂರವನ್ನು 1400 ಪಾರ್ಸೆಕ್ ಎಂದರೆ ತ್ರಿಜ್ಯ 0.65, ವಯಸ್ಸು 21,000 ವರ್ಷಕ್ಕೆ ಇಳಿಯುತ್ತದೆ. ದೂರದ ತಪ್ಪು ನೇರ ವಯಸ್ಸಿಗೆ ಬಂದು ಕೂರುತ್ತದೆ. ಉಂಗುರ ಮೊದಲು ಜೋರಾಗಿ ಹಿಗ್ಗಿ ಈಗ ನಿಧಾನಿಸಿದ್ದರೆ ನಿಜವಾದ ವಯಸ್ಸು ಇನ್ನೂ ಕಮ್ಮಿ. ದೂರಕ್ಕೆ ಗಾಯಾ ಉಪಗ್ರಹದ ಪ್ಯಾರಲಾಕ್ಸ್ ಬಳಸುವವರಿಗೆ ಒಂದು ಎಚ್ಚರಿಕೆ: ಪ್ಯಾರಲಾಕ್ಸ್ ಎಂದರೆ ಭೂಮಿ ಸೂರ್ಯನ ಸುತ್ತುವಾಗ ನಕ್ಷತ್ರ ಕದಲಿದಂತೆ ಕಾಣುವ ಕೋನ. ಅದರ ದೋಷ ಐದನೇ ಒಂದು ಪಾಲಿಗಿಂತ ಹೆಚ್ಚಿದ್ದರೆ "ಒಂದು ಭಾಗಿಸು ಪ್ಯಾರಲಾಕ್ಸ್" ಎಂದು ದೂರ ತೆಗೆಯಬೇಡಿ. ಈ ನಕ್ಷತ್ರಗಳು ಬಹುಪಾಲು ದೂರದವು, ಕೆಲವಕ್ಕೆ ಪ್ಯಾರಲಾಕ್ಸ್ ಋಣ ಸಂಖ್ಯೆಯಾಗಿಯೂ ಬರುತ್ತದೆ. ಋಣ ದೂರದ ನಕ್ಷತ್ರ ಎಲ್ಲೂ ಇಲ್ಲ.

ಹಂತ 9: ಹೊಳಪು (ಬೇಕಿದ್ದರೆ)

ಉಂಗುರವನ್ನು ಪೂರಾ ಒಳಗೊಳ್ಳುವ ವೃತ್ತ ಎಳೆದು ಮೊತ್ತ ಓದಿ, ಅದರಿಂದ "ಹಿನ್ನೆಲೆ ಮೀಡಿಯನ್ × ಪಿಕ್ಸೆಲ್ ಸಂಖ್ಯೆ" ಕಳೆಯಿರಿ. ಡಬ್ಲ್ಯೂ4 ಅಟ್ಲಾಸ್ ಚಿತ್ರಕ್ಕೆ ಶೂನ್ಯಬಿಂದು (ಮೊತ್ತವನ್ನು ಕಾಂತಿಮಾನಕ್ಕೆ ತಿರುಗಿಸುವ ಆಧಾರ ಸಂಖ್ಯೆ) 13.0, ಕಡತದ ತಲೆಬರಹದಲ್ಲೂ ಬರೆದಿರುತ್ತದೆ. ಲೆಕ್ಕ ತೋರಿಸಲು ದುಂಡು ಸಂಖ್ಯೆ ಹಿಡಿಯೋಣ: ಕಳೆದು ಉಳಿದದ್ದು ಹತ್ತು ಲಕ್ಷವಾದರೆ (ಅದರ ಲಾಗ್ 6) ಕಾಂತಿಮಾನ 13 − 2.5 × 6 = −2. ಶೂನ್ಯ ಕಾಂತಿಮಾನಕ್ಕೆ ಸುಮಾರು 8.36 ಜಾನ್ಸ್ಕಿ, −2 ಅದರ 6.31 ಪಟ್ಟು, ಹಾಗಾಗಿ 8.36 × 6.31 = 52.8 ಜಾನ್ಸ್ಕಿ. ಜಾನ್ಸ್ಕಿ ಖಗೋಳಜ್ಞರು ಬಳಸುವ ಹೊಳಪಿನ ಮಾನ. ತಣ್ಣನೆ ದೂಳಿಗೆ ಇದರ ಮೇಲೆ ಬಣ್ಣದ ತಿದ್ದುಪಡಿ ಬೇಕಾಗುತ್ತದೆ, ಆದ್ದರಿಂದ ಮೂರನೇ ದಶಮಾಂಶದವರೆಗೆ ಬರೆಯುವ ಹುಮ್ಮಸ್ಸು ಬೇಡ.

ಹಂತ 10: ಡಬ್ಲ್ಯೂಆರ್ 124

ವೈಸ್‌ನಲ್ಲಿ ಇದು ಪ್ರಕಾಶಮಾನ ಉಂಡೆ, ಒಳಗಿನ ಕುಸುರಿ ಕಾಣದು. ವೆಬ್ ಕಡತಗಳು ಮಾಸ್ಟ್ ಎಂಬ ಭಂಡಾರದಲ್ಲಿವೆ. ಭಂಡಾರದವರೇ ಮೂರನೇ ಮಟ್ಟದವರೆಗೆ (ಲೆವೆಲ್ 3) ಸಂಸ್ಕರಿಸಿದ, ಹೆಸರಿನ ಕೊನೆಗೆ "ಐ2ಡಿ" ಇರುವ ಕಡತ ಇಳಿಸಿ. ಫಿಲ್ಟರ್ ಹೆಸರು ಓದುವುದು ಸುಲಭ, ಎಫ್1130ಡಬ್ಲ್ಯೂ ಎಂದರೆ 11.30 ಮೈಕ್ರಾನ್. ಕಡತ ದೊಡ್ಡವು, ಹಾಟ್‌ಸ್ಪಾಟ್ ಬಿಟ್ಟು ಕಾಲೇಜಿನ ಅಥವಾ ಮನೆಯ ಫೈಬರ್ ಸಂಪರ್ಕದಲ್ಲಿ ರಾತ್ರಿ ಹಚ್ಚಿಡಿ. ನಕ್ಷತ್ರದ ಸುತ್ತಲ ಚೂಪು ಕಿರಣಗಳು ವೆಬ್‌ನ ಕನ್ನಡಿಯ ಆಕಾರದಿಂದ ಬಂದವು, ಎಸೆದ ಅನಿಲವಲ್ಲ. ಈ ನಕ್ಷತ್ರ ಈವರೆಗೆ ಸುಮಾರು ಹತ್ತು ಸೂರ್ಯರಷ್ಟು ದ್ರವ್ಯ ಚೆಲ್ಲಿದೆ ಎಂದು ನಾಸಾ ಲೆಕ್ಕ.

ಹಂತ 11: "ಹೊಸ ಉಂಗುರ ಸಿಕ್ಕಿತು" ಎನ್ನುವ ಮೊದಲು

ಎರಡು ಉಂಗುರ ಮಾಡಿದವರು ಮೂರನೆಯದನ್ನು ತಾವೇ ಹುಡುಕಲು ಹೊರಡುತ್ತಾರೆ, ಹೊರಡಬೇಕು ಕೂಡ. ಆದರೆ ದುಂಡಗಿರುವುದೆಲ್ಲ ದೈತ್ಯ ನಕ್ಷತ್ರದ್ದಲ್ಲ.

ಮೊದಲು, ಅದು ಆಕಾಶದಲ್ಲಿ ಇದೆಯೇ ನೋಡಿ. ವೈಸ್‌ನಲ್ಲಿ ಬಹಳ ಪ್ರಕಾಶದ ನಕ್ಷತ್ರದ ಪಕ್ಕ ದೂರದರ್ಶಕದೊಳಗಿನ ಪ್ರತಿಫಲನದಿಂದ ಬಳೆಯಂಥ ಭೂತಬಿಂಬ ಮೂಡುತ್ತದೆ. ಅದೇ ಜಾಗದ ಸ್ಪಿಟ್ಜರ್ 24 ಮೈಕ್ರಾನ್ ಚಿತ್ರದಲ್ಲಿ ಇಲ್ಲದಿದ್ದರೆ ಬಿಟ್ಟುಬಿಡಿ. ಆ ಚಿತ್ರದ ಚೂಪು 6 ಆರ್ಕ್‌ಸೆಕೆಂಡ್, ಆದರೆ ಅದು ಆಕಾಶಗಂಗೆಯ ಪಟ್ಟಿಯ ಆಸುಪಾಸಿಗೆ ಮಾತ್ರ ಸಿಗುತ್ತದೆ.

12 ಮೈಕ್ರಾನ್‌ನ ಅಂಚು ಹೊರಗೆ, 22ರ ಹೊಳಪು ಒಳಗೆ ತುಂಬಿಕೊಂಡಿದ್ದರೆ ಅದು ಎಳೆಯ ಬಿಸಿ ನಕ್ಷತ್ರ ತನ್ನ ಹುಟ್ಟುಮೋಡದಲ್ಲಿ ಕೊರೆದ ಗುಳ್ಳೆ, ಮುಪ್ಪಿನ ಕವಚವಲ್ಲ. 22ರಲ್ಲಿ ಉಂಗುರ, 12ರಲ್ಲಿ ಬಹುತೇಕ ಏನೂ ಇಲ್ಲ, ನಟ್ಟ ನಡುವೆ ಡಬ್ಲ್ಯೂ1ರಲ್ಲಿ ಪ್ರಕಾಶದ ನಕ್ಷತ್ರ ಎಂಬ ಮೂರೂ ಕೂಡಿಬಂದರೆ ಆಸೆ ಇಟ್ಟುಕೊಳ್ಳಬಹುದು. ಆಗಲೂ ಗ್ರಹರೂಪಿ ನೀಹಾರಿಕೆಯ ಅನುಮಾನ ಉಳಿಯುತ್ತದೆ. ಅದು ಸೂರ್ಯನಂಥ ಚಿಕ್ಕ ನಕ್ಷತ್ರದ ಕೊನೆಯ ಉಸಿರು. ಬಹಳ ಬಿಸಿಯಾದ ಅದರ ಅನಿಲದಲ್ಲಿ ಆಕ್ಸಿಜನ್ನಿನ 25.9 ಮೈಕ್ರಾನ್ ರೇಖೆ ಜೋರಾಗಿ ಹೊಳೆದು 22–24 ಮೈಕ್ರಾನ್ ಪಟ್ಟಿಯೊಳಗೆ ಬೀಳುತ್ತದೆ. ದೂಳಿಲ್ಲದೆಯೂ ಉಂಗುರ ಕಾಣುತ್ತದೆ. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಇವೆರಡನ್ನು ಬೇರ್ಪಡಿಸಲಾರದು.

ಹಾಗಾಗಿ ನಿರ್ದೇಶಾಂಕವನ್ನು ಸಿಂಬಾದ್ ದತ್ತಸಂಚಯದಲ್ಲಿ ಹಾಕಿ, ಒಂದು ಆರ್ಕ್‌ಮಿನಿಟ್ ತ್ರಿಜ್ಯದೊಳಗೆ ಏನೇನಿದೆ ನೋಡಿ. ಅಲ್ಲಿ ಆಗಲೇ ಹೆಸರಿದ್ದರೆ ಅದರ ಹಳೆಯ ಪ್ರಬಂಧಗಳು ಸಿಗುತ್ತವೆ, ನಿಮ್ಮ ತ್ರಿಜ್ಯವನ್ನು ಅವುಗಳ ಜೊತೆ ಹೋಲಿಸಿ. ಹೆಸರಿಲ್ಲದಿದ್ದರೆ ನಡುವಿನ ನಕ್ಷತ್ರದ ವರ್ಣಪಟಲ ಬೇಕು. ಹಾನ್ಲೆಯ 2 ಮೀಟರ್ ಚಂದ್ರ ದೂರದರ್ಶಕದಲ್ಲಿ ಅದಕ್ಕೆ ಬೇಕಾದ ಉಪಕರಣವಿದೆ. ಲಡಾಖಿನಲ್ಲಿರುವ ಅದನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ವೀಕ್ಷಣೆಗೆ ಸಮಯ ಕೇಳಿ ಪ್ರಸ್ತಾವ ಬರೆಯಬೇಕಾಗುತ್ತದೆ. ಖಗೋಳ ವಿಜ್ಞಾನದಲ್ಲಿ ಕೆಲಸ ಮಾಡುವ ಅಧ್ಯಾಪಕರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ನಾಲ್ಕು ಪಟ್ಟಿಗಳ ಚಿತ್ರ, ಹಿನ್ನೆಲೆ ವೃತ್ತಗಳ ಹಾಳೆ, ನಾಲ್ಕು ಕೋನದ ತ್ರಿಜ್ಯ ಇವನ್ನು ಕೈಯಲ್ಲಿ ಹಿಡಿದೇ ಹೋಗಿ.